ಕರಿಯನಿಗೊಂದು ರಾತ್ರಿಯ ಜಾಗ

"ಯಾವ ಬ್ರೀಡ್ ಮೇಡಂ?"

ಫೋನಿನ ಆ ಕಡೆಯ ಹುಡುಗ ವಿನಯದಿಂದಲೇ ಕೇಳಿದ. ಕೆರೆಯ ದಡದಲ್ಲಿ ಟೆಂಟು, ಹಿಂದೆ ಕಾಡು, ಸಾಕುಪ್ರಾಣಿಗಳಿಗೂ ಸ್ವಾಗತ ಎಂದು ಅವರ ಜಾಹೀರಾತಿನಲ್ಲಿತ್ತು. "ಬ್ರೀಡ್ ಅಂತೇನಿಲ್ಲ, ನಾಟಿ ನಾಯಿ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮುಧೋಳ ಆಗಿದ್ರೆ ನೋಡಬಹುದಿತ್ತು ಮೇಡಂ. ಬೇರೆ ಗೆಸ್ಟ್‌ಗಳು ಏನಾದ್ರೂ ಅಂತಾರೆ."

ನನ್ನ ಕರಿಯನಿಗೆ ಆಗ ಹನ್ನೊಂದು ವರ್ಷ. ಡಿಗ್ರಿ ಓದುತ್ತಿದ್ದಾಗ ಬಂಗಾರಪೇಟೆ ಬಸ್ ನಿಲ್ದಾಣದ ಹಿಂದೆ, ಮಳೆಯಲ್ಲಿ ನೆನೆಯುತ್ತ ಕೂತಿದ್ದ ಮರಿಯನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಕ್ಯಾಸಂಬಳ್ಳಿಯ ಮನೆಗೆ ತಂದಿದ್ದೆ. ಆಮೇಲೆ ಎಂ.ಎ. ಅಂತ, ಪಿಎಚ್.ಡಿ. ಅಂತ ಬೆಂಗಳೂರಿನ ಹಾಸ್ಟೆಲಿಗೆ ಹೋದೆ. ನಾಯಿ ತಾತನ ಪಾಲಿಗೆ ಉಳಿಯಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವುದು ನಮ್ಮ ಕಡೆಯ ರೂಢಿ. ಹಾಗಾಗಿ ನಾನಿಟ್ಟ ಕರಿಯ ಎಂಬ ಹೆಸರು ತಾತನ ಬಾಯಲ್ಲಿ ನಲ್ಲೋಡು ಆಯಿತು. ರಜೆಗೆ ಊರಿಗೆ ಬಂದಾಗಲೆಲ್ಲ, "ಒಂದಿನ ನಿನ್ನ ಕಾಡಿಗೆ, ಕೆರೆಗೆ ಕರ್ಕೊಂಡು ಹೋಗ್ತೀನಿ ಕಣೋ" ಅನ್ನುತ್ತಿದ್ದೆ. ಕಳೆದ ದೀಪಾವಳಿಗೆ ಬಂದಾಗ ಅವನ ಕಣ್ಣಿನ ಮೇಲೆ ಬೂದು ಪೊರೆ ಕಂಡಿತು. ಜಗಲಿ ಹತ್ತುವಾಗ ಹಿಂಗಾಲು ನಡುಗಿತು. ಇನ್ನು ತಡಮಾಡಬಾರದು ಅನ್ನಿಸಿತು.

ನಾಲ್ಕು ಕಡೆ ಇಲ್ಲ ಅನ್ನಿಸಿಕೊಂಡ ಮೇಲೆ ಐದನೆಯದು ಸಿಕ್ಕಿತು. ಜಲಾಶಯವೊಂದರ ಹಿನ್ನೀರು, ಅದಕ್ಕೆ ತಾಗಿದಂತೆ ಕಾಡು. ಗೆಳತಿಯ ಕಾರಿನಲ್ಲಿ ಹೋದೆವು. ದಾರಿಯಲ್ಲಿ ಕರಿಯ ಎರಡು ಸಲ ವಾಂತಿ ಮಾಡಿಕೊಂಡ. ಅಲ್ಲಿ ಸ್ವಾಗತವೇನೋ ಇತ್ತು, ಆದರೆ ಅದು ಜನರೇಟರಿನ ಹಿಂದಿನ ಕಂಬಕ್ಕೆ. ರಾತ್ರಿ ಬೆಂಕಿ ಹಾಕಿ ಸ್ಪೀಕರ್ ಹಚ್ಚಿದರು. ಇವನು ಬೊಗಳಿದ, ಪಕ್ಕದ ಟೆಂಟಿನವರು ಗೊಣಗಿದರು. ನಡುರಾತ್ರಿ ಹೋಗಿ ನೋಡಿದರೆ ಕಂಬದಲ್ಲಿ ಬರೀ ಬೆಲ್ಟು ನೇತಾಡುತ್ತಿತ್ತು.

ಟಾರ್ಚ್ ಹಿಡಿದು ಕಾಡಂಚಿನಲ್ಲಿ ಕೂಗುತ್ತ ಅಲೆದೆವು. ಬೆಳಕು ಹರಿಯುವಾಗ ಟಾರು ರಸ್ತೆಯ ಮೇಲೆ ಸಿಕ್ಕ. ಕುಂಟುತ್ತ, ನಾವು ಬಂದ ದಾರಿಯಲ್ಲೇ ಊರಿನ ಕಡೆಗೆ ನಡೆಯುತ್ತಿದ್ದ.

ಊರಿಗೆ ತಂದು ಬಿಟ್ಟಾಗ ತಾತ ನನ್ನನ್ನು ಬೈಯಲಿಲ್ಲ. ಅವನ ಕಾಲಿನ ಮುಳ್ಳು ತೆಗೆದು, ಅರಿಸಿನ ಎಣ್ಣೆ ಸವರಿ, ಆಮೇಲೆ ಕೇಳಿದ: "ಜಾಗ ಹುಡುಕಿದ್ದು ನಾಯಿಗಾ, ನಿನಗಾ?"

ತಾತ ನಲವತ್ತು ವರ್ಷ ಕುರಿ ಕಾದವನು. ಕೊಯ್ಲು ಮುಗಿದ ಮೇಲೆ ಊರೂರು ತಿರುಗಿ ಹೊಲಗಳಲ್ಲಿ ಮಂದೆ ಹಾಕುತ್ತಿದ್ದ. ಕುರಿಗಳು ರಾತ್ರಿಯೆಲ್ಲ ಹೊಲದಲ್ಲೇ ನಿಂತು ಹಿಕ್ಕೆ, ಗಂಜಲ ಬಿಟ್ಟರೆ ರೈತನಿಗೆ ಗೊಬ್ಬರ. ಬದಲಿಗೆ ಕುರಿಯವನಿಗೆ ರಾಗಿಯೋ ಕಾಸೋ ಸಿಗುತ್ತಿತ್ತು. ಅಂದರೆ ನಾನು ಫೋನಿನಲ್ಲಿ ವಾರಗಟ್ಟಲೆ ಹುಡುಕಿದ್ದನ್ನು, ನೀರಿಗೂ ಕಾಡಿಗೂ ಹತ್ತಿರ ನಾಯಿ ಜೊತೆ ರಾತ್ರಿ ಕಳೆಯುವ ಜಾಗವನ್ನು, ಈ ಮನುಷ್ಯ ಅರ್ಧ ಆಯಸ್ಸು ದಿನವೂ ಹುಡುಕಿದ್ದ. ಅವನನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಸಂಕ್ರಾಂತಿಗೆ ಬಂದಾಗ ಅವನ ಜೊತೆ ಜಾಗ ನೋಡಲು ಹೊರಟೆ. ನನ್ನ ಮನಸ್ಸಿನಲ್ಲಿದ್ದದ್ದು ಬೇತಮಂಗಲದ ಕೆರೆ. ಹತ್ತನೆಯ ಶತಮಾನದಲ್ಲೇ ದುರಸ್ತಿ ಕಂಡ, ಪಾಲಾರ್ ನದಿಯ ಹಳೆಯ ಕೆರೆ ಅದು. ಕೋಲಾರದ ಚಿನ್ನದ ಗಣಿಯ ಊರಿಗೆ ನೀರು ಕುಡಿಸಿದ್ದೂ ಅದೇ. ಗಣಿ 2001ರಲ್ಲಿ ಮುಚ್ಚಿತು, ಕೆರೆ ಉಳಿದಿದೆ. ಏರಿಯ ಮೇಲೆ ನಿಂತು, "ಇಲ್ಲೇ ದಡದಲ್ಲಿ ಟೆಂಟು ಹಾಕೋಣ" ಅಂದೆ.

"ಬ್ಯಾಡ" ಅಂದ ತಾತ. "ಕತ್ತಲಾದ ಮ್ಯಾಲೆ ನೀರಿಗೆ ಬರೋರು ಬೇರೆ ಇದಾರೆ. ಅವರ ದಾರೀಲಿ ನಾಯಿ ಕಟ್ಟಬಾರದು."

ಅವನ ಲೆಕ್ಕ ಒಂದೊಂದಾಗಿ ಹೊರಬಂತು. ಕೆರೆಯಂಗಳದ ಜಾಲಿ ಪೊದೆಗಳ ಹತ್ತಿರ ಬೇಡ, ಅಲ್ಲಿ ಕಾಡುಹಂದಿ ಮಲಗುತ್ತವೆ. ಹಂದಿಗೆಂದು ಕಟ್ಟಿದ ಉರುಲಿಗೂ, ಇಟ್ಟ ಸಿಡಿಮದ್ದಿನ ಉಂಡೆಗೂ ಮೊದಲು ಬಾಯಿ ಹಾಕುವುದು ನಾಯಿಯೇ. ಹುಲ್ಲಿನ ಬಯಲಲ್ಲಿ ಟಿಟ್ಟಿಭ ಮೊಟ್ಟೆ ಇಡುವ ಕಾಲದಲ್ಲಿ ನಾಯಿಯನ್ನು ಬಿಡಬೇಡ, ಗೂಡು ನೆಲದ ಮೇಲೇ ಇರುತ್ತದೆ. ಔಷಧಿ ಹೊಡೆದ ಟೊಮೆಟೊ ತೋಟದ ಪಕ್ಕ ಬೇಡ, ಕಾಲುವೆಯ ನೀರು ನೆಕ್ಕಿಬಿಡುತ್ತದೆ. ಕಾಮಸಮುದ್ರದ ಕಾಡಿನ ಕಡೆಯಂತೂ ಬೇಡವೇ ಬೇಡ, ಅಲ್ಲಿ ಆನೆ ಓಡಾಟ. "ಆನೆ ಕಂಡ್ರೆ ನಾಯಿ ಬೊಗಳುತ್ತೆ. ಆನೆ ಅಟ್ಟಿಸಿಕೊಂಡು ಬಂದ್ರೆ ಓಡಿಬಂದು ನಿನ್ನ ಕಾಲ ಸಂದಿಗೇ ಸೇರುತ್ತೆ. ಆಮೇಲೆ ಆನೆಗೆ ಎದುರು ನಿಂತೋಳು ನೀನು."

ನಾನೂ ಓದಿದ್ದನ್ನು ಸೇರಿಸಿದೆ. ಅಭಯಾರಣ್ಯಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ಪ್ರವಾಸಿಗರು ಸಾಕುನಾಯಿ ಕರೆದೊಯ್ಯುವಂತಿಲ್ಲ. 2018ರಲ್ಲಿ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ, ಅವುಗಳಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಚಿರತೆಗೆ ನಾಯಿ ಸುಲಭದ ಬೇಟೆ. ಕೋಲಾರದ ಎಷ್ಟೋ ಕೆರೆಗಳಿಗೆ 2018ರಿಂದ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿದ ನೀರು. ಅದು ಅಂತರ್ಜಲ ತುಂಬಲಿಕ್ಕೇ ಹೊರತು ನೇರ ಕುಡಿಯಲಿಕ್ಕಲ್ಲ. ಕೆರೆ ತುಂಬಿ ಚೆನ್ನಾಗಿ ಕಂಡ ಮಾತ್ರಕ್ಕೆ ನಾಯಿಯನ್ನು ಇಳಿಸುವಂತಿಲ್ಲ. ತಾತ ಎಲ್ಲ ಕೇಳಿ, "ಓದಿದ್ದು ಸರಿಯಾಗೇ ಇದೆ" ಅಂದ. ನನ್ನ ಪಿಎಚ್.ಡಿ. ಬಗ್ಗೆ ಅವನು ಆಡಿದ ಒಂದೇ ಒಳ್ಳೆಯ ಮಾತು ಅದು.

ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. ಅದರಲ್ಲಿ ಒಂದು ಕಲ್ಲು ನಾಯಿಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949-50ರ ಕಾಲದ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಬೂತುಗನ ಕಡೆಯ ವೀರ ಮಣಲೇರ ಬಹುಮಾನವಾಗಿ ಬೇರೇನೂ ಬೇಡವೆಂದು ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಗೊರವ ಉಣ್ಣಬಾರದೆಂದು ಕಟ್ಟಳೆ ಮಾಡಿದ.

ಆ ಕಲ್ಲಿನ ಮುಂದೆ ನಾನು ಎಷ್ಟೋ ಸಲ ನಿಂತಿದ್ದೇನೆ. ಪ್ರತಿ ಸಲವೂ ನೋಡಿದ್ದು ಪ್ರೀತಿಯನ್ನು, ಒಂದು ನಾಯಿಗೆ ಇಷ್ಟು ಮರ್ಯಾದೆಯೇ ಎಂದು. ಜನರೇಟರಿನ ಹಿಂದೆ ನೇತಾಡಿದ ಬೆಲ್ಟನ್ನು ಕಂಡ ಮೇಲೆ ಅದೇ ಕಲ್ಲಿನಲ್ಲಿ ಇನ್ನೊಂದೂ ಕಾಣುತ್ತಿದೆ. ಕಾಡಿಗೆ ಹೋಗಬೇಕೆಂದು ಕಾಳಿ ಕೇಳಿರಲಿಲ್ಲ. ಆಸೆ ಒಡೆಯನದು. ಹೋದದ್ದು ಎರಡು ಜೀವ, ನಾಯಿಯದೂ ಹಂದಿಯದೂ.

ಕೊನೆಗೆ ತಾತ ಆರಿಸಿದ್ದು ನಮ್ಮೂರಿನ ಒಂದು ಬೀಳು ಹೊಲ. ರಾಗಿ ಕುಯ್ದು ಕೂಳೆ ಉಳಿದ, ನಾಲ್ಕೂ ಕಡೆ ಕಣ್ಣಿಗೆ ಬಯಲು ಕಾಣುವ ಜಾಗ. ಸಣ್ಣ ಕೆರೆಯೊಂದು ಕೂಗಳತೆಯಲ್ಲಿತ್ತು, ಕಾಡು ದೂರದಲ್ಲಿ ಬರೀ ಕಪ್ಪು ಗೆರೆ. ಹೊಲದವರನ್ನು ಕೇಳಿದ್ದಾಯಿತು. ಪಕ್ಕದ ಹೊಲದಲ್ಲಿ ಬೇರೆ ಯಾರದೋ ಮಂದೆ ಇತ್ತು, ಅವರ ನಾಯಿಗಳೂ ಇದ್ದವು. ತಾತ ಮೊದಲು ಕರಿಯನನ್ನು ಕರೆದುಕೊಂಡು ಹೋಗಿ ಅವರಿಗೂ ಅವರ ನಾಯಿಗಳಿಗೂ ಪರಿಚಯ ಮಾಡಿಸಿಕೊಂಡು ಬಂದ. ಮನೆಯಿಂದ ಕೊಡದಲ್ಲಿ ಕುಡಿಯುವ ನೀರು ತಂದಿದ್ದೆವು. ಮುದ್ದೆಯಲ್ಲಿ ಒಂದು ಪಾಲು ಕರಿಯನಿಗೆ.

ಕುರಿ ಮಾರಿ ಆರು ವರ್ಷವಾಗಿತ್ತು. ಅಲ್ಲಿಂದ ತಾತ ಹೊರಗೆ ಮಲಗಿರಲಿಲ್ಲ. ಕಂಬಳಿ ಹಾಸುವ ಮೊದಲು ಒಂದು ಹಿಡಿ ಮಣ್ಣು ತೂರಿ ಗಾಳಿ ಎತ್ತ ಬೀಸುತ್ತಿದೆ ನೋಡಿದ. ಕರಿಯ ಒಂದು ಸುತ್ತು ಹಾಕಿ, ಗಾಳಿ ಬರುವ ದಿಕ್ಕಿಗೆ ಮೂಗು ಮಾಡಿ ಅವನ ಕಾಲ ಬಳಿ ಮಲಗಿದ. ಬೆಲ್ಟೂ ಇಲ್ಲ, ಕಂಬವೂ ಇಲ್ಲ.

ನಾನು ಟೆಂಟಿನೊಳಗಿಂದ "ಕರಿಯಾ" ಎಂದು ಕರೆದೆ. ಬಾಲ ಒಂದು ಸಲ ಆಡಿಸಿದ, ಏಳಲಿಲ್ಲ. ತಾತ ಮಗ್ಗುಲು ಬದಲಿಸುತ್ತ, "ಹೋಗೋ ನಲ್ಲೋಡಾ, ಕರೀತಾವಳೆ" ಅಂದ. ಅವನು ಎದ್ದು, ನನ್ನ ಟೆಂಟಿನ ಬಾಗಿಲವರೆಗೆ ಬಂದು, ಕೈ ಮೂಸಿ, ಮತ್ತೆ ಹೋಗಿ ತಾತನ ಬಳಿಯೇ ಮಲಗಿದ.

ಹನ್ನೊಂದು ವರ್ಷ ನನ್ನ ನಾಯಿ, ನನ್ನ ನಾಯಿ ಎಂದು ಗೆಳತಿಯರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಹೊಟ್ಟೆಯಲ್ಲಿ ಸಣ್ಣಗೆ ಚುಚ್ಚಿದಂತಾಯಿತು. ಸ್ವಲ್ಪ ಹೊತ್ತು ಟೆಂಟಿನ ಬಟ್ಟೆಯನ್ನೇ ನೋಡುತ್ತ ಬಿದ್ದುಕೊಂಡಿದ್ದೆ. ಆಮೇಲೆ ಹೊದಿಕೆ ಎಳೆದುಕೊಂಡು ಹೊರಗೆ ಬಂದು, ಕರಿಯನ ಈ ಬದಿಗೆ ಮಲಗಿದೆ. ಪಕ್ಕದ ಹೊಲದಲ್ಲಿ ಕುರಿಗಳು ಕೆಮ್ಮುತ್ತಿದ್ದವು. ಚಳಿ ಇತ್ತು, ಆದರೆ ನಾಯಿಯ ಬೆನ್ನು ಬೆಚ್ಚಗಿತ್ತು.