ಚಿಟಿಕೆ ಮಿಸ್ರಿ

ನಮ್ಮ ಕಡೆ ಹೆಂಗಸು ಬೀಡಿ ಸೇದಿದರೆ ಊರೆಲ್ಲ ಸುದ್ದಿ. ಮಿಸ್ರಿ ಹಚ್ಚಿದರೆ ಯಾರೂ ತಿರುಗಿ ಕೂಡ ನೋಡುವುದಿಲ್ಲ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ ಡಬ್ಬಿಗೆ ತುಂಬಿದರಾಯಿತು, ಅದು ಹಲ್ಲುಪುಡಿ! ದಿನಕ್ಕೆ ಐದಾರು ಸಲ ಹಲ್ಲು ತಿಕ್ಕುವುದೇಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಕಲಬುರಗಿಯ ಕೋಟೆಯ ಹತ್ತಿರವಿರುವ ನಮ್ಮ ಸಣ್ಣವ್ವನ ಸೊಂಟದಲ್ಲೂ ಅಂಥದೊಂದು ಡಬ್ಬಿ. ಮದುವೆಯಾದ ಹೊಸದರಲ್ಲಿ ಹಲ್ಲುನೋವಿಗೆಂದು ಅತ್ತೆ ಕೊಟ್ಟದ್ದಂತೆ. "ಮೊದಲನೇ ದಿನ ತಲಿ ತಿರುಗಿ ವಾಂತಿ ಆಗಿತ್ತವ್ವಾ" ಎಂದು ನಗುತ್ತಾಳೆ. ಈಗ ತಲೆ ತಿರುಗುವುದಿಲ್ಲ. ಡಬ್ಬಿ ಕಾಣದಿದ್ದರೆ ಮಾತ್ರ ಮನೆಯನ್ನೇ ತಿರುಗಿಸಿಡುತ್ತಾಳೆ. ಕಮಲಾಪುರದಲ್ಲಿ ಮಗಳ ಕುಬಸವೆಂದು ಬಸ್ಸು ಹತ್ತಿದವಳು, ಡಬ್ಬಿ ಮರೆತದ್ದು ನೆನಪಾಗಿ ನಡುದಾರಿಯಲ್ಲೇ ಇಳಿದು ವಾಪಸು ಬಂದಿದ್ದಳು!

"ಮನಸ್ಸು ಗಟ್ಟಿಯಿಲ್ಲ" ಎಂದು ಮನೆಯವರು ಬೈಯುತ್ತಾರೆ. ಸಂಗತಿ ಅಷ್ಟು ಸರಳವಲ್ಲ. ಮೆದುಳಿನ ಜೀವಕೋಶಗಳ ಮೇಲೆ ಬೀಗದಂಥ ಗ್ರಾಹಕಗಳಿವೆ. ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ದೇಹದ ರಾಸಾಯನಿಕಕ್ಕೆಂದು ಇರುವ ಬೀಗಕ್ಕೆ ತಂಬಾಕಿನ ನಿಕೋಟಿನ್ ಕಳ್ಳ ಕೀಲಿಯಂತೆ ಹೊಂದಿಕೊಳ್ಳುತ್ತದೆ. ಬೀಗ ತೆರೆದೊಡನೆ ಡೋಪಮೈನ್ ಹರಿಯುತ್ತದೆ. ಈ ಗ್ರಾಹಕದ ಬೀಟಾ-2 ಎಂಬ ಭಾಗವೇ ಇಲ್ಲದ ಇಲಿಗಳು ನಿಕೋಟಿನ್‌ಗೆ ಹಾತೊರೆಯುವುದಿಲ್ಲವೆಂದು 1998ರಲ್ಲಿ ವಿಜ್ಞಾನಿಗಳು ತೋರಿಸಿದರು.

ಇನ್ನೊಂದು ಸೋಜಿಗ ಕೇಳಿ. ಇಲಿಗೆ ದಿನವೂ ಅಷ್ಟೇ ನಿಕೋಟಿನ್ ಕೊಟ್ಟರೂ ಅದರ ಓಡಾಟ ದಿನದಿಂದ ದಿನಕ್ಕೆ ಹೆಚ್ಚುತ್ತದೆ. ಕೊಕೇನ್, ಆಂಫೆಟಮೈನ್‌ಗಳಲ್ಲೂ ಇದೇ ಕಥೆ. ಗ್ಲುಟಮೇಟ್ ಎಂಬ ರಾಸಾಯನಿಕದ ಎನ್‌ಎಂಡಿಎ ಗ್ರಾಹಕಗಳಿಗೆ ತಡೆಯೊಡ್ಡಿದರೆ ಆಂಫೆಟಮೈನ್‌ನ ಈ ಏರಿಕೆ ನಿಲ್ಲುತ್ತದೆ. ಪಾಠ ಕಲಿಯಲು, ನೆನಪಿಡಲು ಬೇಕಾದ ಗ್ರಾಹಕಗಳೂ ಇವೇ. ನೋಡಿ, ಮಗ್ಗಿ ಕಲಿತ ಮೆದುಳೇ ಚಟವನ್ನೂ ಕಲಿಯುತ್ತದೆ!

ಬೇಕೆನಿಸುವುದು ಬೇರೆ, ಹಿತವೆನಿಸುವುದು ಬೇರೆ ಎಂದು 1993ರಲ್ಲಿ ರಾಬಿನ್ಸನ್ ಮತ್ತು ಬೆರಿಜ್ ವಾದಿಸಿದರು. ಹಿತ ಬೆಳೆಯದಿದ್ದರೂ ಹಂಬಲ ಬೆಳೆಯುತ್ತದೆಯಂತೆ. ಕಮಲಾಪುರದ ಕೆಂಪು ಬಾಳೆಹಣ್ಣು ಎರಡು ತಿಂದರೆ ಸಾಕೆನಿಸುತ್ತದೆ, ಮಿಸ್ರಿ ಸಾಕೆನಿಸುವುದಿಲ್ಲ. "ರುಚಿ ಏನಿರ್ತದವ್ವಾ ಅದರಾಗ? ಆದ್ರ ಇಲ್ಲಾಂದ್ರ ನಡ್ಯಂಗಿಲ್ಲ" ಎಂದು ಸಣ್ಣವ್ವ ಯಾವ ಪುಸ್ತಕವನ್ನೂ ಓದದೆ ಹೇಳಿದ್ದೂ ಅದನ್ನೇ.

ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ನಮ್ಮದೇ ಒಲೆಯ ಮೇಲೆ ಹುರಿಯುವ ಮಿಸ್ರಿಗೆ ಯಾವ ಪೊಲೀಸು ಬರಬೇಕು? ಕುಬಸದ ಮನೆಯಲ್ಲಿ ತಿಳಿದದ್ದು, ಬಸುರಿ ತಂಗಿಯೂ ವಾಕರಿಕೆಗೆಂದು ಚಿಟಿಕೆ ಹಚ್ಚತೊಡಗಿದ್ದಾಳೆ! ಬಸುರಿ ತಂಬಾಕು ಬಳಸಿದರೆ ಕೂಸಿನ ತೂಕ ಕಡಿಮೆಯಾಗುವ ಭಯವಿದೆ. ಡಾಕ್ಟರು ಗದರಿಸದೆ, ತಿಳಿಸಿ ಹೇಳಿದರು. ಆಕೆ ಬಿಟ್ಟಳು.

ಸಿಗರೇಟು ಸೇದುವವರ ಮೆದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆ ಹೆಚ್ಚಿರುತ್ತದೆ. ಬಿಟ್ಟ ಮೇಲೆ 6ರಿಂದ 12 ವಾರಗಳಲ್ಲಿ ಮೊದಲಿನಂತಾಗುತ್ತದೆ. ಆದರೆ ಡಬ್ಬಿಯ ಸದ್ದು ಕೇಳಿದರೆ ಸಾಕು, ಹಳೆಯ ಹಂಬಲ ಎದ್ದು ಕೂಡುತ್ತದೆ. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ. ತಂಗಿಗೆ ಅದಕ್ಕಿಂತ ಮೊದಲು ಬೇಕಾದದ್ದು ತಾಯಿಯ ಸಹಾಯ. "ಯವ್ವಾ, ನನ್ನ ಮುಂದ ಡಬ್ಬಿ ತೆಗೀಬ್ಯಾಡ" ಎಂದಳು. ಸಣ್ಣವ್ವ ಮರುಮಾತಾಡದೆ ಎದ್ದು ಹಿತ್ತಲಿಗೆ ಹೋದಳು. ಅಂದಿನಿಂದ ಮಗಳೆದುರು ಆಕೆಯ ಸೊಂಟದಲ್ಲಿ ಡಬ್ಬಿ ಕಂಡಿಲ್ಲ.