ಎಣಿಸಿದೆ, ನೋಡಲಿಲ್ಲ

ಯಾದಗಿರಿ ಜಿಲ್ಲೆಗೆ ವಾಂತಿ-ಭೇದಿ ಹೊಸದಲ್ಲ. 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಇಬ್ಬರು ಮಹಿಳೆಯರು ತೀರಿಕೊಂಡರು. ಬೇಸಿಗೆಯಲ್ಲಿ ಬೋರು ಬತ್ತಿದಾಗ ಒಮ್ಮೆ, ಮೊದಲ ಮಳೆಗೆ ಒಡೆದ ಪೈಪಿನೊಳಗೆ ಚರಂಡಿ ನೀರು ಇಳಿದಾಗ ಇನ್ನೊಮ್ಮೆ ನಮ್ಮ ಕಡೆ ಈ ಕಾಟ ಇದ್ದದ್ದೇ. ಇಂಥ ಜಿಲ್ಲೆಯ ಸ್ಟಾಫ್ ನರ್ಸ್‌ಗೆ ಮೈನೀರು ಬತ್ತಿದ ಮಗುವನ್ನು ಗುರುತಿಸಲು ಬರಬೇಕು. ನನಗೆ ಬರುತ್ತದೆ ಎಂದೇ ನಂಬಿದ್ದೆ.

ಸುರಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾಗಿನ ಮಾತು. ಮೇ ತಿಂಗಳು. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಕಾಲುವೆ ದಂಡೆಯ ಹಳ್ಳಿಯಿಂದ ಒಬ್ಬ ತಾಯಿ ಒಂದೂವರೆ ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. “ಮೊನ್ನಿಯಿಂದ ಸಂಡಾಸ ಹತ್ಯಾವ್ರಿ ಅಕ್ಕೋರ. ಮುಂಜಾನಿಂದ ಉಸಿರು ಬ್ಯಾರೆ ಆಗ್ಯಾದ. ಓಡಿ ಬಂದವರ ಗತೆ ಬಿಡಕತ್ಯಾನ.”

ತರಬೇತಿಯಲ್ಲಿ ಕಲಿಸಿದಂತೆ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 56. ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರಾಟ. ನ್ಯುಮೋನಿಯಾ ಎಂದು ಬರೆದು ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟೆ. ಭೇದಿಗೆ ಓಆರ್‌ಎಸ್ ಪ್ಯಾಕೆಟ್ ಕೈಗಿಟ್ಟು “ಕುಡಿಸು ತಾಯಿ” ಎಂದೆ. ಮುಂದಿನ ಚೀಟಿ ಕೂಗಿದೆ.

ಆ ಎಣಿಕೆ ಕೆಮ್ಮು ಅಥವಾ ಉಸಿರಾಟದ ತೊಂದರೆ ಎಂದು ಬಂದ ಮಗುವಿಗಾಗಿ ಇರುವುದು. ತಾಯಿ ಉಸಿರಿನ ಮಾತು ಎತ್ತಿದ್ದಳು, ಎಣಿಸಿದ್ದು ತಪ್ಪಲ್ಲ. ಆದರೆ ಮೊದಲು ಕೆಮ್ಮಿನ ಪ್ರಶ್ನೆ, ಆಮೇಲೆ ಗಡಿಯಾರ. ನಾನು ಕೇಳಲೇ ಇಲ್ಲ. ಕೇಳಿದ್ದರೆ “ಕೆಮ್ಮು ಇಲ್ರಿ” ಎನ್ನುತ್ತಿದ್ದಳು, ಇರಲೂ ಇಲ್ಲ. ಉಚ್ಚೆ ಹೊಯ್ದು ಎಷ್ಟು ಹೊತ್ತಾಯಿತು ಎಂದೂ ಕೇಳಲಿಲ್ಲ. ಕಣ್ಣು ಒಳಗೆ ಸೇರಿದ್ದು ಕಂಡಿತ್ತು. ಬಿಸಿಲಿಗೆ ಬಳಲಿದ್ದಾನೆ ಎಂದುಕೊಂಡೆ. ಗದ್ದಲದಲ್ಲೂ ಅವನು ತಾಯಿಯ ಹೆಗಲ ಮೇಲೆ ಸುಮ್ಮನೆ ಮಲಗಿದ್ದು ನನಗೆ ಅನುಕೂಲವಾಗಿಯೇ ಕಂಡಿತು. ಅದು ನಿದ್ದೆಯಲ್ಲ, ಮಂಪರು. ಹೊಟ್ಟೆಯ ಚರ್ಮ ಹಿಡಿದು ಬಿಟ್ಟಿದ್ದರೆ ಮಡಿಕೆ ಎರಡು ಸೆಕೆಂಡ್ ಕಳೆದರೂ ಇಳಿಯುತ್ತಿರಲಿಲ್ಲವೇನೋ. ನನ್ನ ಮುಂದೆ ಒಂದು ಗುಟುಕು ಕುಡಿಸಿ ನೋಡಿದ್ದರೂ ಸಾಕಿತ್ತು.

ಸಂಜೆಗೆ ಅವರು ತಿರುಗಿ ಬಂದರು. ಬಾಯಿಗೆ ಹಾಕಿದ ಚಮಚದ ನೀರು ಕಟವಾಯಿಯಿಂದ ಹೊರಗೆ ಹರಿಯುತ್ತಿತ್ತು. 108 ಕರೆಸಿ, ಜೊತೆಗೆ ನಾನೂ ಹತ್ತಿದೆ. ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ಅಂಗಿ ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಎದೆಗೂಡಿನ ಕೆಳಭಾಗ ಒಳಕ್ಕೆ ಸೆಳೆಯುತ್ತಿರಲಿಲ್ಲ, ಸ್ಟೆತೊಸ್ಕೋಪಿನಲ್ಲಿ ಗೊರಗೊರ ಇರಲಿಲ್ಲ. “ಎದಿ ಸ್ವಚ್ಛ ಅದ. ಉಸಿರು ಎಷ್ಟು ಆಳಕ್ಕ ಹೋಗ್ತದ ನೋಡ್ರಿ. ಇದು ನ್ಯುಮೋನಿಯಾ ಅಲ್ಲ ಸಿಸ್ಟರ್, ಅಸಿಡೋಸಿಸ್.”

ಭೇದಿಯಲ್ಲಿ ಹೋಗುವುದು ಬರೀ ನೀರಲ್ಲ. ರಕ್ತದ ಆಮ್ಲವನ್ನು ಹದದಲ್ಲಿಡುವ ಬೈಕಾರ್ಬೊನೇಟ್, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಅದರೊಂದಿಗೇ ಹೋಗುತ್ತವೆ. ಬೈಕಾರ್ಬೊನೇಟ್ ಕಡಿಮೆಯಾದರೆ ರಕ್ತದಲ್ಲಿ ಆಮ್ಲ ಏರುತ್ತದೆ. ನೀರು ಬತ್ತಿ ಅಂಗಾಂಗಗಳಿಗೆ ರಕ್ತ ಸಾಲದಾದಾಗ ಇನ್ನಷ್ಟು ಏರುತ್ತದೆ. ಆಗ ಶ್ವಾಸಕೋಶ ಆಳವಾಗಿ ಉಸಿರೆಳೆದು ಇಂಗಾಲದ ಡೈಆಕ್ಸೈಡನ್ನು ಹೊರಗಟ್ಟಿ ಸರಿದೂಗಿಸಲು ನೋಡುತ್ತದೆ. ಎದೆಯಲ್ಲಿ ರೋಗವಿಲ್ಲದೆಯೂ ಉಸಿರು ಏರುವುದು ಹೀಗೆ. ತಾಯಿ ‘ಓಡಿ ಬಂದವರ ಗತೆ’ ಎಂದದ್ದು ಇದನ್ನೇ. ಅವಳು ಆಳ ಹೇಳಿದಳು, ನಾನು ಸಂಖ್ಯೆ ಬರೆದೆ.

ರಿಂಗರ್ ಲ್ಯಾಕ್ಟೇಟ್ ಹಚ್ಚಿದರು. ನೀರು ತುಂಬಿದಂತೆ ಉಸಿರು ಇಳಿಯಿತು, ಮಗು ಕಣ್ಣು ಬಿಟ್ಟಿತು. ಮಾರನೆಯ ದಿನ ನೋಡಲು ಹೋದಾಗ ತಾಯಿ “ಸಂಡಾಸ ನಿಂತಾವ್ರಿ” ಎಂದಳು. ನನಗೂ ಸಮಾಧಾನವಾಯಿತು. ಅಲ್ಲಿಯೂ ನಾನು ಎಡವಿದ್ದೆ. ಅವನ ಹೊಟ್ಟೆ ಉಬ್ಬಿತ್ತು, ಎತ್ತಿದರೆ ಕತ್ತು ನಿಲ್ಲುತ್ತಿರಲಿಲ್ಲ, ಕಾಲು ಆಡಿಸುತ್ತಿರಲಿಲ್ಲ. ಭೇದಿ ನಿಂತದ್ದು ಗುಣವಾಗಿ ಅಲ್ಲ, ಪೊಟ್ಯಾಸಿಯಂ ಕುಸಿದು ಕರುಳೇ ಚಲನೆ ಬಿಟ್ಟಿದ್ದರಿಂದ. ಆಮ್ಲ ಏರಿದಾಗ ಜೀವಕೋಶದೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬಂದು ಕೊರತೆ ಮುಚ್ಚಿಹೋಗುತ್ತದೆ. ಆಮ್ಲ ಸರಿಹೋಗುತ್ತಲೇ ಅದು ಮತ್ತೆ ಒಳಸರಿದು ಕೊರತೆ ಬಯಲಾಗುತ್ತದೆ. ಉಚ್ಚೆ ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಡಾಕ್ಟರು ಡ್ರಿಪ್ಪಿನಲ್ಲಿ ನಿಧಾನಕ್ಕೆ ಪೊಟ್ಯಾಸಿಯಂ ಕೊಟ್ಟರು. ಹುಡುಗ ಉಳಿದ. ಅದರಲ್ಲಿ ನನ್ನ ಪಾಲು ಆಂಬುಲೆನ್ಸ್ ಕರೆಸಿದ್ದಷ್ಟೇ.

ಅಂದಿನಿಂದ ಭೇದಿಯ ಮಗು ಬಂದರೆ ನನ್ನ ಕೆಲಸದ ಕ್ರಮವೇ ಬೇರೆ. ಅಂಗಿ ಬಿಚ್ಚಿಸಿ ಉಸಿರಿನ ವೇಗದ ಜೊತೆ ಆಳ ನೋಡುತ್ತೇನೆ. ಎಬ್ಬಿಸಿ ನೋಡುತ್ತೇನೆ. ಕಣ್ಣು, ಚರ್ಮ, ಅಂಗೈ-ಅಂಗಾಲಿನ ತಂಪು, ಉಚ್ಚೆ. ತೀರಾ ಸೊರಗಿದ ಮಗುವಿನ ಚರ್ಮದ ಮಡಿಕೆಯನ್ನು ಮಾತ್ರ ನೆಚ್ಚುವುದಿಲ್ಲ. ನೀರು ಸರಿಯಿದ್ದರೂ ಅದು ತಡವಾಗಿಯೇ ಇಳಿಯುತ್ತದೆ. ಸಲೈನ್ ಹಚ್ಚಿದ ಮೇಲೂ ಹೊಟ್ಟೆ ಮುಟ್ಟಿ, ಕತ್ತು ಎತ್ತಿ ನೋಡುತ್ತೇನೆ. ವಯಸ್ಸಾದವರು, ಅದರಲ್ಲೂ ಬಿಪಿಗೆ ಉಚ್ಚೆ ಹೆಚ್ಚಿಸುವ ಮಾತ್ರೆ ತಿನ್ನುವವರು ಭೇದಿಯ ಬಳಿಕ ಮಂಕಾಗಿ ಏನೇನೋ ಮಾತಾಡಿದರೆ ‘ವಯಸ್ಸಾಗ್ಯದ’ ಎಂದು ಬಿಡದೆ ಸೋಡಿಯಂ ಪರೀಕ್ಷೆಗೆ ಕಳಿಸುತ್ತೇನೆ.

ನಮ್ಮ ಕಡೆಯವರಿಗೆ ‘ಗ್ಲುಕೋಸ್ ಬಾಟಲಿ’ ಮೇಲೆ ಬಹಳ ನಂಬಿಕೆ. ಬರೀ ಗ್ಲುಕೋಸ್ ನೀರು ಭೇದಿಯಲ್ಲಿ ಹೋದ ಲವಣವನ್ನು ತುಂಬುವುದಿಲ್ಲ. ಓಆರ್‌ಎಸ್ ತುಂಬುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮುಗಳಲ್ಲಿ ಈ ನೀರು ಕಲಸಿಟ್ಟು ರೋಗಿಗಳ ಮನೆಯವರಿಂದಲೇ ಕುಡಿಸಿದರು; ಸಾವು ಸುಮಾರು ಶೇ 30ರಿಂದ ಶೇ 4ರೊಳಗೆ ಇಳಿಯಿತು. 20.5 ಗ್ರಾಂ ಪ್ಯಾಕೆಟ್ಟಿಗೆ ಪೂರ್ತಿ ಒಂದು ಲೀಟರ್ ನೀರು ಬೇಕು. ಒಂದು ಲೋಟದಲ್ಲಿ ಕಲಸಿದರೆ ಲವಣವೇ ವಿಷವಾಗುತ್ತದೆ. ಓಆರ್‌ಎಸ್ ಹೆಸರಿನಲ್ಲಿ ಮಾರುತ್ತಿದ್ದ ಸಿಹಿ ಪಾನೀಯಗಳೂ ಬೇಡ. ಲೇಬಲ್ ಮೇಲೆ ಆ ಹೆಸರು ಹಾಕಬಾರದೆಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿದೆ. ಜೊತೆಗೆ ಮಗುವಿಗೆ 14 ದಿನ ಜಿಂಕ್ ಮಾತ್ರೆ ತಪ್ಪಿಸಬೇಡಿ.

ಭೇದಿಯಾದ ಮಗು ಕೆಮ್ಮಿಲ್ಲದೆ ಆಳವಾಗಿ ಏದುತ್ತಿದ್ದರೆ, ಕುಡಿಯಲು ಆಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಹೊಟ್ಟೆ ಉಬ್ಬಿ ಕತ್ತು ಬಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ತನ್ನಿ. ನನ್ನಂತೆ ಕೆಲಸ ಮಾಡುವ ಸಿಸ್ಟರ್‌ಗಳಿಗೆ ಒಂದು ವಿನಂತಿ: ತಾಯಿ ಹೇಳಿದ್ದನ್ನು ನಮ್ಮ ಭಾಷೆಗೆ ತಿರುಗಿಸಿ ಬರೆಯಬೇಡಿ, ಅವಳ ಮಾತಿನಲ್ಲೇ ಬರೆದುಕೊಳ್ಳಿ. ಮುಂದೆ ನೋಡುವ ಡಾಕ್ಟರಿಗೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ.