ಐದನೆಯ ಕಿಂಡಿ

ನಮ್ಮ ಕಡೆಯ ಹಳೆಯ ಮನೆಗಳಿಗೆ ಎರಡು ಜಾತಿಯ ಬಾಗಿಲುಗಳಿರುತ್ತವೆ. ಬೀದಿಗೆ ಮುಖ ಮಾಡಿ ನಿಂತದ್ದು ತಲಬಾಗಿಲು. ಅಗುಳಿ, ಚಿಲಕ, ರಂಗೋಲಿ, ತೋರಣ ಎಲ್ಲ ಮರ್ಯಾದೆಯೂ ಅದಕ್ಕೇ. ಉಳಿದವು ಒಳಬಾಗಿಲುಗಳು; ಕದವಿದ್ದರೂ ಅವನ್ನು ಹಾಕುವವರಿಲ್ಲ. ಈಗ ಮನೆಮನೆಯ ಗೋಡೆಗೂ ಜೋತುಬಿದ್ದಿರುವ ರೂಟರ್ ಎಂಬ ಡಬ್ಬಿಯೂ ಇದೇ ವಾಸ್ತುವಿನದು. ಅದರ ಬೆನ್ನಿಗೆ ಸಾಧಾರಣವಾಗಿ ಐದು ಕಿಂಡಿಗಳು. ನಾಲ್ಕು ಒಂದೇ ಬಣ್ಣದವು. 'ಲ್ಯಾನ್' ಎಂಬ ಹೆಸರಿನ ಒಳಬಾಗಿಲುಗಳು. ಐದನೆಯದರ ಬಣ್ಣ ಬೇರೆ, ಹೆಸರು 'ವ್ಯಾನ್' ಅಥವಾ 'ಇಂಟರ್ನೆಟ್'. ಅದು ತಲಬಾಗಿಲು. ಈ ತಲಬಾಗಿಲನ್ನು ಒಳಬಾಗಿಲಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ನನ್ನ ಹರಟೆ.

ಅಂಥ ಪ್ರಸಂಗವಾದರೂ ಏಕೆ ಬರಬೇಕು? ನಮಗೆ ಬಂತು. ಖಾನಾಪುರದಲ್ಲಿ ತಂದೆಯವರ ಕಾಲದ ಹಂಚಿನ ಮನೆಯೊಂದಿದೆ. ಮುಂದಿನ ಅರ್ಧ ಅಣ್ಣನ ಪಾಲು, ಹಿಂದಿನದು ನನ್ನದು. ನಾನು ಕಾಲೇಜಿನ ಪಾಠ ಹೇಳಿಕೊಂಡು ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ನನ್ನ ಪಾಲಿನಲ್ಲಿ ಅವ್ವ ಇದ್ದಾಳೆ. ಊಟಕ್ಕೆ ಅಣ್ಣನ ಕಡೆ ಹೋಗುತ್ತಾಳೆ, ಮಲಗುವುದಕ್ಕೆ ಮಾತ್ರ ಹಿಂದಕ್ಕೇ ಬರಬೇಕು. ಎಂಬತ್ತರ ಸಮೀಪದ ಜೀವ. ಹೋದ ಮಳೆಗಾಲದಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಜಾರಿ ಬಿದ್ದು ಅರ್ಧ ತಾಸು ಅಲ್ಲೇ ಕುಳಿತಿದ್ದಳು. ಖಾನಾಪುರದ ಮಳೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ತಾಲೂಕು ಅದು. ಸಹ್ಯಾದ್ರಿಯ ಮಳೆ ಹಂಚಿನ ಮೇಲೆ ಹೊಡೆಯತೊಡಗಿದರೆ ಪಕ್ಕದಲ್ಲಿ ಕುಳಿತವನ ಮಾತೂ ಕೇಳಿಸದು. ಅವ್ವ ಕೂಗಿದ್ದಳಂತೆ.

ಅದಾದ ಮೇಲೆ ಕ್ಯಾಮೆರಾ ಹಾಕಿಸುವ ಮಾತು ಬಂತು. "ಖೋಲಿಯೊಳಗ ಬ್ಯಾಡ" ಎಂದಳು ಅವ್ವ. ನ್ಯಾಯವಾದ ಮಾತು. ಹಿಂದಿನ ಪಡಸಾಲೆ ಮತ್ತು ಮೆಟ್ಟಿಲುಗಳು ಮಾತ್ರ ಕಾಣುವಂತೆ ಕೂಡಿಸಿದೆವು. ಇಂಟರ್ನೆಟ್ಟಿನ ಫೈಬರ್ ತಂತಿ ಬರುವುದು ಅಣ್ಣನ ಕಡೆಗೆ. ಕಂಪನಿಯವರ ರೂಟರೂ ಅಲ್ಲಿಯೇ. ಹಿಂದಕ್ಕೆ ನನ್ನ ಬೆಳಗಾವಿ ಮನೆಯ ಹಳೆಯ ರೂಟರು. ಜೋಡಿಸಲು ಬಂದ ಹುಡುಗ ಅಣ್ಣನ ಡಬ್ಬಿಯಿಂದ ತಂತಿ ಎಳೆದು ನನ್ನ ಡಬ್ಬಿಯ 'ಇಂಟರ್ನೆಟ್' ಕಿಂಡಿಗೆ ಸಿಕ್ಕಿಸಿ ಹೋದ. ಹೆಸರು ಬರೆದಿರುವಾಗ ಅವನಾದರೂ ಮತ್ತೆಲ್ಲಿ ಸಿಕ್ಕಿಸಿಯಾನು?

ಬೆಳಗಾವಿಯಲ್ಲಿ ಕುಳಿತು ನಾನು ಅವ್ವನನ್ನು ನೋಡಬಲ್ಲವನಾದೆ. ವಿಚಿತ್ರವೆಂದರೆ, ಇಪ್ಪತ್ತು ಹೆಜ್ಜೆ ಆಚೆಗಿದ್ದ ಅಣ್ಣ ನೋಡಬೇಕಾದರೂ ಆ ಚಿತ್ರ ಖಾನಾಪುರ ಬಿಟ್ಟು ಯಾವುದೋ ದೂರದೂರಿನ ಯಂತ್ರಕ್ಕೆ ಹೋಗಿ ತಿರುಗಿ ಬರಬೇಕು. ಗಾಳಿಗೆ ಮರ ಉರುಳಿ ರಸ್ತೆಯ ತಂತಿ ಹರಿದರೆ ತೀರಿತು. ಅವ್ವನನ್ನು ನೋಡಲೇಬೇಕಾದದ್ದು ಮಳೆ ಹೆಚ್ಚಾದ ದಿನ. ತಂತಿ ಹರಿಯುವುದೂ ಅದೇ ದಿನ.

ಇದರ ಮೂಲ ಹಳೆಯದು. ಇಂಟರ್ನೆಟ್ಟಿನ ಹಿಂದಿನ ಪದ್ಧತಿಯಲ್ಲಿ ಇರುವ ವಿಳಾಸಗಳೇ ಒಟ್ಟು ಸುಮಾರು 429 ಕೋಟಿ. ಜಗತ್ತಿಗೆಲ್ಲ ಅವು ಸಾಲವು ಎಂದು ಕಂಡಾಗ 1994ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಮನೆಗೆಲ್ಲ ಹೊರಗೆ ಒಂದೇ ವಿಳಾಸ. ಒಳಗೆ ಎಷ್ಟು ಜನರಿದ್ದರೂ ಮನೆಮಟ್ಟಿನ ಖಾಸಗಿ ವಿಳಾಸಗಳು. ತಲಬಾಗಿಲಲ್ಲಿ ಕುಳಿತ ಯಜಮಾನ ಒಳಗಿನವರ ಕಾಗದಗಳಿಗೆಲ್ಲ ತನ್ನ ವಿಳಾಸ ಬರೆದು ಕಳಿಸುತ್ತಾನೆ, ಉತ್ತರ ಬಂದರೆ ಅವರವರಿಗೆ ಹಂಚುತ್ತಾನೆ. ಒಳಗಿನವರು ಕರೆಯದೆ ಹೊರಗಿನವರು ಕಾಲಿಡಕೂಡದು. ಬೀದಿಯ ಕಳ್ಳರಿಗೆ ಇದು ತಕ್ಕ ಕಟ್ಟಳೆಯೇ. ಆದರೆ ನನ್ನ ಡಬ್ಬಿಯ ಪಾಲಿಗೆ ಅಣ್ಣನ ಮನೆಯೇ ಬೀದಿಯಾಗಿತ್ತು! ನಮ್ಮ ವಾಟಣಿಪತ್ರದಲ್ಲಿಯೂ ಇಲ್ಲದ ಗೋಡೆಯೊಂದು ಎರಡು ಪಾಲುಗಳ ನಡುವೆ ಎದ್ದು, ಹೆತ್ತ ಮಗನೇ ಪರಸ್ಥನಾಗಿದ್ದ.

ಪರಿಹಾರ ಒಂದೇ: ಹಿಂದಿನ ಡಬ್ಬಿಯ ಯಜಮಾನಿಕೆ ತೆಗೆಯಬೇಕು. ಎಲ್ಲರಿಗೂ ವಿಳಾಸ ಹಂಚುವ ಅದರ ಅಧಿಕಾರವನ್ನು, ಎಂದರೆ ಡಿಎಚ್‌ಸಿಪಿ ಎಂಬುದನ್ನು, ನಿಲ್ಲಿಸಬೇಕು. ಅದರ ಸ್ವಂತ ವಿಳಾಸ ಅಣ್ಣನ ಡಬ್ಬಿಯಂತೆಯೇ 192.168.1.1 ಎಂದಿದ್ದರೆ ಕೊನೆಯಲ್ಲಿ 1 ತೆಗೆದು 2 ಮಾಡಬೇಕು. ಆಮೇಲೆ ಅಣ್ಣನ ಕಡೆಯ ತಂತಿಯನ್ನು ಒಂದು ಒಳಕಿಂಡಿಗೆ ಸಿಕ್ಕಿಸಿದರೆ ಎರಡೂ ಪಾಲು ಒಂದು ಮನೆ. ಆದರೆ ಹಾಗೆ ಮಾಡಿದರೆ ನಾಲ್ಕರಲ್ಲಿ ಉಳಿಯುವುವು ಮೂರು. ನಮಗೆ ಬೇಕಾದವು ನಾಲ್ಕು: ಕ್ಯಾಮೆರಾದ ರೆಕಾರ್ಡರ್, ಅವ್ವನ ಟೀವಿ, ಪ್ರಿಂಟರು, ಗದ್ದಲ ತಪ್ಪಿಸಿಕೊಂಡು ಹಿಂದೆ ಬಂದು ಓದುವ ಅಣ್ಣನ ಮಗನ ಕಂಪ್ಯೂಟರು. ಐದನೆಯ ಕಿಂಡಿ ಮಾತ್ರ ದೊಡ್ಡ ಹೆಸರಿಟ್ಟುಕೊಂಡು ಸುಮ್ಮನೆ ಕುಳಿತಿತ್ತು.

"ಒಂದು ಸ್ವಿಚ್ ತಗೊಂಡ್ ಹೋಗ್ರಿ ಸರ, ಯಾಕ ತಲಿ ಕೆಡಿಸ್ಕೋತೀರಿ?" ಎಂದ ಖಡೇಬಜಾರದ ಅಂಗಡಿಯವ. ಅವನ ಮಾತು ಸುಳ್ಳಲ್ಲ, ಬೆಲೆಯೂ ಬಹಳವಲ್ಲ. ಆದರೆ ಇನ್ನೊಂದು ಡಬ್ಬಿಗೆ ಇನ್ನೊಂದು ಪ್ಲಗ್ಗು ಬೇಕು. ಕರೆಂಟು ಹೋದಾಗ ಇನ್ವರ್ಟರಿನಿಂದ ಹಿಂದಕ್ಕೆ ಬರುವ ಪ್ಲಗ್ಗುಗಳು ಎಣಿಸಿಟ್ಟಷ್ಟೇ.

ಇಲ್ಲಿ ಕನ್ನಡ ಮೇಷ್ಟರಿಗೂ ಸ್ವಲ್ಪ ಅವಕಾಶವಿದೆ. ಅನೇಕ ರೂಟರುಗಳಲ್ಲಿ ಐದೂ ಕಿಂಡಿಗಳು ಒಂದೇ ಚಿಪ್ಪಿಗೆ ಸೇರಿದವು; ಕಸುವಿನಲ್ಲಿಯೂ ಸಾಮಾನ್ಯವಾಗಿ ಭೇದವಿಲ್ಲ. ನಾಲ್ಕು 1ನೆಯ ಗುಂಪಿನವು, ಐದನೆಯದು 2ನೆಯ ಗುಂಪಿನದು ಎಂದು ಒಳಗಿನ ತಂತ್ರಾಂಶ ಬರೆದಿಟ್ಟುಕೊಂಡಿರುತ್ತದೆ, ಅಷ್ಟೆ. ವ್ಯಾಕರಣದ ಮಾತಿನಲ್ಲಿ 'ಇಂಟರ್ನೆಟ್' ಎಂಬುದು ಅನ್ವರ್ಥನಾಮವಲ್ಲ, ಬರಿಯ ಅಂಕಿತನಾಮ. ಬಡವನಿಗೆ ಕುಬೇರ ಎಂದು ಹೆಸರಿಟ್ಟ ಹಾಗೆ. ಹೆಸರು ಬದಲಿಸಿದರೆ ಕೆಲಸವೂ ಬದಲಾಗುತ್ತದೆ.

ಕೆಲವು ರೂಟರುಗಳಲ್ಲಿ 'ಆಕ್ಸೆಸ್ ಪಾಯಿಂಟ್' ಎಂಬುದನ್ನು ಆರಿಸಿದರೆ ಇಷ್ಟೂ ತಾನಾಗಿ ಆಗುತ್ತದೆ. ನನ್ನದರಲ್ಲಿ ಆ ಸೌಕರ್ಯವಿರಲಿಲ್ಲ. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ತಂತ್ರಾಂಶವಿದೆ. ಲಿಂಕ್‌ಸಿಸ್ ಕಂಪನಿ ತನ್ನ ಒಂದು ರೂಟರಿನ ಒಳಬರಹವನ್ನು ಲೋಕಕ್ಕೆ ತೆರೆದಿಟ್ಟದ್ದರಿಂದ ಬೆಳೆದದ್ದು. ಅಣ್ಣನ ಮಗ, ನಮ್ಮ ಮಾದರಿಗೆ ಅದು ಒಗ್ಗುತ್ತದೆಂದು ಮೊದಲು ನೋಡಿಕೊಂಡು, ತುಂಬಿದ. ಹೊರಗಿನ ಸಂಪರ್ಕದ ಹೆಸರುಗಳನ್ನು ಅಳಿಸಿ, 'ವ್ಯಾನ್' ಕಿಂಡಿಯನ್ನು ಒಳಕಿಂಡಿಗಳ ಸೇತುವೆಯ ಪಟ್ಟಿಗೆ ಸೇರಿಸಿದ. ಕಾಲು ತಾಸಿನ ಕೆಲಸ. ಈಗ ಅಣ್ಣನ ಕಡೆಯ ತಂತಿ ಐದನೆಯ ಕಿಂಡಿಯಲ್ಲಿ, ನಾಲ್ಕು ಯಂತ್ರಗಳು ನಾಲ್ಕರಲ್ಲಿ.

ಬೀದಿಯ ತಂತಿ ನೇರವಾಗಿ ಬರುವ ಡಬ್ಬಿಗೆ ಮಾತ್ರ ಈ ಉಪಚಾರವನ್ನು ಯಾರೂ ಮಾಡಬೇಡಿರಿ. ಅಲ್ಲಿ ತಲಬಾಗಿಲು ತಲಬಾಗಿಲಾಗಿಯೇ ಇರಬೇಕು, ಅಗುಳಿಸಹಿತ.

ಈ ಸಲದ ಮಳೆಗೆ ಮೊದಲ ವಾರವೇ ತಂತಿ ಹರಿಯಿತು. ಎರಡು ದಿನ ನನಗೆ ಬೆಳಗಾವಿಯಲ್ಲಿ ಏನೂ ಕಾಣಲಿಲ್ಲ; ಅಣ್ಣನಿಗೆ ಕಂಡಿತು, ಚಿತ್ರ ಮನೆ ಬಿಟ್ಟು ಹೊರಗೆ ಹೋಗಬೇಕಾಗಿರಲಿಲ್ಲವಲ್ಲ. ಆದರೆ ಹಿಂದಿನ ಡಬ್ಬಿಯ 'ಇಂಟರ್ನೆಟ್' ದೀಪ, ಯಜಮಾನಿಕೆ ಹೋದಂದಿನಿಂದ, ಹತ್ತುವುದಿಲ್ಲ. ಅಣ್ಣನಿಗೆ ಅದೊಂದು ಚಿಂತೆ. ಆ ಸಂಜೆಯೂ ಫೋನು ಮಾಡಿದ.

"ತಮ್ಮಾ, ನಿನ್ನ ಡಬ್ಬಿ ದೀಪ ಹತ್ತವಲ್ದು ನೋಡೋ."

"ಅವ್ವ ಕಾಣ್ತಾಳೇನು?"

"ಕಾಣ್ತಾಳ. ಪಡಸಾಲ್ಯಾಗ ಕುಂತು ಬತ್ತಿ ಹೊಸ್ಯಾಕತ್ತಾಳ."